ಹನ್ನೆರಡನೆಯ ಪೈಲ್ವಾನನ ಕಣ್ಣು

ಬನಹಟ್ಟಿಯ ನಮ್ಮ ಓಣಿಯ ಗರಡಿಮನೆಯಲ್ಲಿ ಗಾಜಿನ ಬಾಗಿಲಿನ ಕಪಾಟೊಂದಿತ್ತು. ಅದರೊಳಗೆ ಹನ್ನೊಂದು ಪೈಲ್ವಾನರು ಸಾಲಾಗಿ ನಿಂತಿದ್ದರು. ರದ್ದಿ ಕಾಗದ ನೆನೆಹಾಕಿ, ಹುಣಸೆ ಬೀಜದ ಅಂಟಿನಲ್ಲಿ ಕುಟ್ಟಿ ಮಾಡಿದ ಗೇಣುದ್ದದ ಗೊಂಬೆಗಳು. ಪರ ಊರಿನ ದೊಡ್ಡ ಕುಸ್ತಿ ಗೆದ್ದು ಬಂದವನಿಗೆ ಆ ಕಪಾಟಿನಲ್ಲಿ ಜಾಗ ಸಿಗುವುದು ಗರಡಿಯ ರೂಢಿ. ಒಬ್ಬ ತೊಡೆ ತಟ್ಟುತ್ತಿದ್ದ, ಒಬ್ಬ ಬಗ್ಗಿ ಕೈ ಚಾಚಿದ್ದ, ಒಬ್ಬ ಹೆಗಲ ಮೇಲೆ ಗದೆ ಹೊತ್ತಿದ್ದ. ಲಂಗೋಟಿಯ ಬಣ್ಣ ಬೇರೆ ಬೇರೆ, ಮುಖ ಮಾತ್ರ ಹನ್ನೊಂದು ಮಂದಿಗೂ ಒಂದೇ. ಕುಂಬಳಕಾಯಿಯಂಥ ಗುಂಡು ಮುಖ, ಕಿವಿಯ ತನಕ ಚಾಚಿದ ಕಣ್ಣು, ಚೇಳಿನ ಕೊಂಡಿಯಂಥ ಮೀಸೆ. ಯಾವನ ಗೊಂಬೆ ಯಾವುದು ಎಂಬುದು ಕಾಲಬುಡದಲ್ಲಿ ಬರೆದ ಹೆಸರು ಓದಿಯೇ ತಿಳಿಯಬೇಕು.

ಅದೇ ಮುಖದ ಬೆರಳುದ್ದದ ಗೊಂಬೆಗಳು ಗಣಪತಿ ಹಬ್ಬದ ಮುಂದೆ ರಬಕವಿ ಪೇಟೆಗೂ ಬರುತ್ತಿದ್ದವು. ಸಣ್ಣವನಿದ್ದಾಗ ನಾನು ಒಂಬತ್ತು ಕೂಡಿಹಾಕಿದ್ದೆ. ಯಾರಾದರೂ ಕದ್ದಾರು ಎಂಬ ಹೆದರಿಕೆಯಲ್ಲಿ ಅವನ್ನು ಎಷ್ಟು ಭದ್ರವಾಗಿ ಬಚ್ಚಿಟ್ಟೆನೆಂದರೆ ಇವತ್ತಿನವರೆಗೂ ನನಗೇ ಸಿಕ್ಕಿಲ್ಲ. ಅಷ್ಟು ಹೇಳಿದರೆ ನನ್ನ ಸ್ವಭಾವ ತಿಳಿದಂತೆಯೇ.

ಎಪ್ಪತ್ತರ ದಶಕದ ಕೊನೆ ಇರಬೇಕು. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ವಯಸ್ಸು ಮೂವತ್ತೊಂದು, ಚಿಂತೆಯಲ್ಲಿ ಮಾತ್ರ ಅರವತ್ತು ದಾಟಿದ್ದೆ. ಆ ವರ್ಷ ಗರಡಿಯ ಒಬ್ಬ ಹುಡುಗ ಬೀಳಗಿಯಲ್ಲಿ ದೊಡ್ಡ ಕುಸ್ತಿ ಗೆದ್ದ. ಹುಡುಗನೆಂದರೆ ಇಪ್ಪತ್ತೈದರ ಆಳು. ಹಗಲೆಲ್ಲ ಪಾವರ್‌ಲೂಮ್ ನಡೆಸುತ್ತಿದ್ದ, ಬೆಳಗಿನ ಜಾವ ಮತ್ತು ಸಂಜೆ ಕೆಮ್ಮಣ್ಣಿನಲ್ಲಿ ಹೊರಳುತ್ತಿದ್ದ. ಮುಂದಿನ ಕುಸ್ತಿ ಮುಧೋಳದವನ ಜೊತೆ ಎಂಬ ಮಾತು ಆಗಲೇ ಚಹಾದ ಅಂಗಡಿಗಳಲ್ಲಿ ಓಡಾಡುತ್ತಿತ್ತು. ಅದನ್ನು ಗೆದ್ದರೆ ಅವನು ಕೊಲ್ಹಾಪುರದ ಕಣಕ್ಕೆ ಹೋಗುವ ದಾರಿ ತೆರೆದಂತೆ.

ಗರಡಿಯ ಗುರುವನ್ನು ನಾವು ವಸ್ತಾದ ಎನ್ನುತ್ತೇವೆ. ನಮ್ಮ ವಸ್ತಾದರು ಒಂದು ಸಂಜೆ ನನ್ನನ್ನು ಕರೆಸಿದರು.

“ಮಾಸ್ತರ್ರ, ಕುಂಬಾರ ಆಯಿ ಕೈ ನಡಗಾಕತ್ತಾವು. ಹನ್ನೆರಡನೇ ಗೊಂಬಿ ನೀವ ಮಾಡ್ರಿ. ಮಾರಿ ಅಚ್ಚು ಆಯಿ ಕಡೆ ಐತಿ, ಇಸಗೊಂಡ ಬರ್ರಿ.”

ಗರಡಿಯ ಗೊಂಬೆ ಮಾಡುತ್ತ ಬಂದ ಮುದುಕಿ ಆಯಿ ಅಚ್ಚನ್ನು ಸೆರಗಿನಿಂದ ಒರೆಸಿ ಕೊಟ್ಟಳು. ಅಂಗೈಯಗಲದ ಕಟ್ಟಿಗೆಯ ಅಚ್ಚು, ಅವಳ ಮಾವನ ಕಾಲದ್ದು.

“ಎಲ್ಲಾರಿಗೂ ಒಂದ ಮಾರಿ ಯಾಕ ಬೇ ಆಯಿ?” ಎಂದೆ.

“ಪೈಲ್ವಾನನ ಮಾರಿ ಕಟಗೊಂಡ ನಿನಗೇನಾಗಬೇಕೋ ಮಾಸ್ತರಾ? ಕಣ್ಣ ದೊಡ್ಡದಿರಬೇಕು, ಮೀಸಿ ದೊಡ್ಡದಿರಬೇಕು. ಉಳದದ್ದು ಅವನ ಹೇಣತಿ ನೋಡತಾಳ.”

ನಾನು ನಕ್ಕೆ. ಒಳಗೆ ಮಾತ್ರ ಬೇರೆ ಲೆಕ್ಕ ಹಾಕುತ್ತಿದ್ದೆ. ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದವನು ನಾನು, ಮನುಷ್ಯನ ತಲೆಬುರುಡೆಯ ಅಳತೆ ಬಲ್ಲವನು. ಕುಂಬಳಕಾಯಿಗೆ ಮೀಸೆ ಬರೆಯಲು ನಾನೇ ಯಾಕೆ ಬೇಕು? ಅಚ್ಚನ್ನು ಮನೆಗೆ ತಂದು ಟ್ರಂಕಿನಲ್ಲಿಟ್ಟೆ. ಮೂರು ಭಾನುವಾರ ಆ ಹುಡುಗನನ್ನು ನಮ್ಮ ಪಡಸಾಲೆಯಲ್ಲಿ ಕೂರಿಸಿಕೊಂಡು ಅವನದೇ ಮುಖ ಮಾಡಿದೆ.

ಒತ್ತಿ ಒತ್ತಿ ಮುದುಡಿದ ಕಿವಿ ಬಂತು. ಸೊಟ್ಟಾದ ಮೂಗು ಬಂತು. ಹುಬ್ಬಿನ ಗಾಯದ ಗುರುತೂ ಬಂತು. ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು, ಗುಡ್ಡೆ ಬಲಗಣ್ಣಿನ ಜೊತೆ ಹೋಗದೆ ಒಂದಿಷ್ಟು ಹೊರಗೇ ನಿಲ್ಲುತ್ತಿತ್ತು. ಅದನ್ನು ಹಿಡಿಯಲು ನನಗೆ ಎರಡು ದಿನ ಹಿಡಿಯಿತು. ಚಹಾ ಕೊಡಲು ಬಂದ ನನ್ನ ಹೆಂಡತಿ, ಅವನು ಹೋದ ಮೇಲೆ ಕೇಳಿದಳು:

“ಅಲ್ರೀ, ಅವನ ಒಂದ ಕಣ್ಣ ಯಾಕ ಹಂಗ ಮಲಗೇತಿ?”

“ಅದಕ್ಕ ಜೀವಕಳೆ ಅಂತಾರ,” ಎಂದೆ. ಹಾಲು ಉಕ್ಕಿದರೂ ನಿದ್ದೆಗೆಡುವ ನಾನು, ಚಿಂತಿಸಲೇಬೇಕಾದ ಆ ಒಂದು ಪ್ರಶ್ನೆಯ ಮುಂದೆ ನಿಶ್ಚಿಂತೆಯಿಂದ ಕುಂಚ ತೊಳೆದೆ.

ಗೊಂಬೆ ಕಪಾಟು ಸೇರಿದ ದಿನ ಓಣಿಯೇ ನೋಡಲು ಬಂತು. ನೇಕಾರರು ಮಗ್ಗ ನಿಲ್ಲಿಸಿ ಬಂದರು. “ಲೇ, ಇನ್ನೇನ ಮಾತಾಡತೈತಿ ನೋಡ” ಎಂದು ಒಬ್ಬ, “ಇದಕ್ಕೂ ಎರಡ ಸೇರ ಹಾಲ ಹಚ್ಚಬೇಕಾಗತೈತಿ” ಎಂದು ಇನ್ನೊಬ್ಬ. ವಸ್ತಾದರು ಮಾತ್ರ, “ಅಚ್ಚು ಮುರದಿತ್ತೇನ್ರಿ?” ಎಂದು ಕೇಳಿದರು. ಪೈಲ್ವಾನ ಬಹಳ ಹೊತ್ತು ಗಾಜಿನ ಮುಂದೆ ನಿಂತ.

ಮರುದಿನ ಸೋಮವಾರ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿದ್ದ. ನನ್ನನ್ನು ಬೇವಿನ ಮರದ ಆಚೆ ಕರೆದುಕೊಂಡು ಹೋದ.

“ಮಾಸ್ತರ್ರ, ಆ ಕಣ್ಣ ತಗೀರಿ.”

“ಯಾಕೋ? ಹಂಗ ಐತಲ್ಲ ನಿಂದು.”

“ಹಂಗ ಐತಿ ಅಂತನ ತಗೀರಿ ಅನ್ನಾಕತ್ತೇನಿ. ಆ ಕಣ್ಣ ಕಾಣೂದುಲ್ರಿ. ಆರು ತಿಂಗಳಾತು, ಮಗ್ಗದಾಗಿನ ಲಾಳಿ ಹಾರಿ ಬಡೀತು. ಈಗ ಬರೇ ಮಂಜ. ಮನ್ಯಾಗೂ ಹೇಳಿಲ್ಲ, ವಸ್ತಾದರಿಗೂ ಹೇಳಿಲ್ಲ.”

“ಬೀಳಗಿ ಕುಸ್ತಿ ಹೆಂಗ ಗೆದ್ದಿ ಮತ್ತ?”

“ಅವಗ ಗೊತ್ತಿರಲಿಲ್ಲ. ಗುರುವಾರ ಮುಧೋಳದ ವಸ್ತಾದರು ಕುಸ್ತಿ ಜೋಡಿ ನೋಡಾಕ ಬರತಾರ. ಅವರ ಆ ಗೊಂಬಿ ನೋಡಿದ್ರ ಮುಗೀತು. ಒಂದ ಈ ಜೋಡಿ ರದ್ದ ಮಾಡತಾರ, ಇಲ್ಲಾ ಅವರ ಹುಡುಗ ನನ್ನ ಎಡಕ್ಕ ಎಡಕ್ಕ ಬರತಾನ. ಯಾರಿಗೂ ಹೇಳಬ್ಯಾಡ್ರಿ. ಈ ಒಂದ ಕುಸ್ತಿ ಆಡಿ ಬಿಡತೇನಿ.”

ಹನ್ನೊಂದು ಮಂದಿಯನ್ನು ಒಂದು ಕುಂಬಳಕಾಯಿ ಮುಖ ಇಷ್ಟು ವರ್ಷ ಹೇಗೆ ಕಾಪಾಡಿಕೊಂಡು ಬಂದಿತ್ತು ಎಂಬುದು ಆಗ ಹೊಳೆಯಿತು. ವಸ್ತಾದರಿಗೆ ಹೇಳಿದರೆ ಇವನ ಕುಸ್ತಿ ಹೋಗುತ್ತದೆ. ಹೇಳದಿದ್ದರೆ ಒಂದೇ ಕಣ್ಣಿನಲ್ಲಿ ಆಡಲು ಹೋಗುತ್ತಾನೆ. ಎರಡೂ ಬೇಡವೆನಿಸಿ, ನನಗೆ ಬರುವ ಕೆಲಸಕ್ಕೇ ಕೈ ಹಾಕಿದೆ. ಕಣ್ಣು ತೆಗೆಯುತ್ತೇನೆ ಎಂದು ಮಾತು ಕೊಟ್ಟೆ.

ಮಂಗಳವಾರ ವಸ್ತಾದರ ಹತ್ತಿರ ಹೋಗಿ, ಬಣ್ಣ ಸೀಳು ಬಿಟ್ಟಿದೆ, ಕಪಾಟಿನ ಬೀಗ ತೆಗೆಯಿರಿ ಎಂದೆ. “ಸೀಳಿಲ್ಲ ಬಿಡ್ರಿ, ನಾ ಈಗ ನೋಡೇನಿ” ಎಂದರು. ಬುಧವಾರ, ಮೀಸೆಗೆ ಇನ್ನೊಂದು ಕೈ ಹೊಡೆಯಬೇಕು ಎಂದೆ. “ಮೀಸಿ ಛಲೋ ಐತಿ” ಎಂದರು. ಗುರುವಾರ ಶಾಲೆಗೆ ರಜೆ ಚೀಟಿ ಕಳಿಸಿ ಬೆಳಿಗ್ಗೆಯೇ ಹೋಗಿ, ಹುಳ ಬಿದ್ದಿದೆ, ಬಿಟ್ಟರೆ ಉಳಿದ ಹನ್ನೊಂದಕ್ಕೂ ಹತ್ತುತ್ತದೆ ಎಂದೆ. ವಸ್ತಾದರು ಕೂಡಲೇ ಬೀಗದ ಕೈ ಕೊಟ್ಟರು. ಮುಧೋಳದ ಬಸ್ಸು ಹನ್ನೊಂದಕ್ಕೆ. ಆಗ ಹತ್ತು ಹೊಡೆದಿತ್ತು.

ಗರಡಿಯ ಹಿಂದಿನ ಕಟ್ಟೆಯ ಮೇಲೆ ಕೂತು, ಒದ್ದೆ ಅರಿವೆ ಇಟ್ಟು ಗೊಂಬೆಯ ಎಡಗಣ್ಣಿನ ರೆಪ್ಪೆ ಮೆತ್ತಗೆ ಮಾಡಿ, ಬ್ಲೇಡಿನ ತುದಿಯಿಂದ ಎತ್ತಲು ನೋಡಿದೆ. ಅವಸರಕ್ಕೆ ಬ್ಲೇಡು ಆಳಕ್ಕಿಳಿಯಿತು. ರೆಪ್ಪೆ ಪೂರ್ತಿ ಕಿತ್ತು ಬಂತು, ಕಣ್ಣಿನ ಜಾಗದಲ್ಲಿ ತೂತು ಬಿತ್ತು. ತೂತಿಗೆ ಕಾಗದದ ಹಿಟ್ಟು ಮೆತ್ತಿ ಬಿಸಿಲಿಗೆ ಹಿಡಿದೆ. ಅರ್ಧಗಂಟೆಯಲ್ಲಿ ನಿಜವಾದ ಕಣ್ಣು ಎಲ್ಲಿಂದ ಬರಬೇಕು? ಕಡೆಗೆ ಬಿಳಿ ಬಣ್ಣ ಬಳಿದು ಆಯಿಯ ಗೊಂಬೆಗಳ ಕಣ್ಣನ್ನೇ ಬರೆದೆ, ಕಿವಿಯ ತನಕ. ಒಂದು ಕಣ್ಣು ಹಾಗೆ, ಇನ್ನೊಂದು ಹೀಗೆ ಕಾಣತೊಡಗಿತು. ಬಲಗಣ್ಣಿನ ಮೇಲೂ ಅದನ್ನೇ ಬರೆದೆ. ಹಿಂದೆ ಸರಿದು ನೋಡಿದರೆ, ಯಾರದೋ ಖರೆ ಮುಖ ಜಾತ್ರೆಯ ಕನ್ನಡಕ ಹಾಕಿಕೊಂಡು ಕೂತ ಹಾಗಿತ್ತು. ಅಷ್ಟರಲ್ಲಿ ಹೊರಗೆ “ಬಂದ್ರು, ಬಂದ್ರು” ಎಂದರು. ಹಸಿ ಬಣ್ಣದ ಗೊಂಬೆಯನ್ನು ಕಪಾಟಿನಲ್ಲಿಟ್ಟು ಬೆರಳುಗಳನ್ನು ಧೋತರದ ಒಳಮಗ್ಗುಲಿಗೆ ಒರೆಸಿಕೊಂಡೆ.

ಮುಧೋಳದ ವಸ್ತಾದರು ಒಣಕಲು ಆಳು, ತಲೆಗೆ ಬಿಳಿ ಪಟಕಾ ಸುತ್ತಿದ್ದರು. ಚಹಾ ಕುಡಿದರು. ಪೈಲ್ವಾನನ ತೋಳು, ತೊಡೆ, ಕತ್ತು ಮುಟ್ಟಿ ನೋಡಿ ತಲೆದೂಗಿದರು. ಅವನು ಗೋಡೆಯ ಕಡೆ ಎಡಗಣ್ಣು ಮಾಡಿಕೊಂಡು ನಿಂತಿದ್ದ. ಎಲ್ಲ ಮುಗಿಯಿತು, ಇನ್ನು ಎಲೆ ಅಡಿಕೆ ಕೊಟ್ಟು ಜೋಡಿ ಗಟ್ಟಿ ಮಾಡುವುದಷ್ಟೇ ಎನ್ನುವಾಗ ಅವರು ಕಪಾಟಿನ ಹತ್ತಿರ ಹೋದರು. ಹನ್ನೊಂದನ್ನು ನೋಡುತ್ತ ನಡೆದವರು ಹನ್ನೆರಡನೆಯದರ ಮುಂದೆ ನಿಂತುಬಿಟ್ಟರು.

“ಇದನ್ನ ಮಾಡಿದವರ ಯಾರು?”

ನನ್ನ ಕಡೆ ಎಲ್ಲರೂ ನೋಡಿದರು.

“ಕಿವಿ ಇಷ್ಟ ಖರೆ ಐತಿ. ಹುಬ್ಬಿನ ಗಾಯ ಸುದ್ದಾ ಬಿಟ್ಟಿಲ್ಲ. ಕಣ್ಣ ಯಾಕ್ರೀ ಹಿಂಗ?”

“ಕಣ್ಣ ಮಾಡಾಕ ನನಗ ಬರೂದುಲ್ರಿ,” ಎಂದೆ.

ಅವರು ಗಾಜಿಗೆ ಮೂಗು ಹಚ್ಚಿ ನೋಡಿದರು. ಹಸಿ ಬಿಳಿ ಬಣ್ಣ ಗೊಂಬೆಯ ಕೆನ್ನೆಯ ಮೇಲೆ ಒಂದು ಎಳೆಯಾಗಿ ಇಳಿಯುತ್ತಿತ್ತು. “ಇವತ್ತ ಬರದೀರಿ,” ಎಂದರು ಮೆಲ್ಲಗೆ. ಆಮೇಲೆ ಗೊಂಬೆಯನ್ನು ಬಿಟ್ಟು ಪೈಲ್ವಾನನ ಕಡೆ ತಿರುಗಿದರು. ಅಲ್ಲಿಯವರೆಗೆ ಅವನ ತೋಳು ತೊಡೆ ನೋಡಿದ್ದವರು ಆಗ ಮೊದಲ ಸಲ ಮುಖ ನೋಡಿದರು. ನೋಡಬೇಡ ಎಂದು ನಾನು ಮುಚ್ಚಿದ ಜಾಗವನ್ನೇ ನನ್ನ ಕುಂಚ ಬೆರಳು ಮಾಡಿ ತೋರಿಸಿತ್ತು.

ತಾಟಿನಿಂದ ಒಂದು ವೀಳ್ಯ ತೆಗೆದುಕೊಂಡರು. ಅವನ ಎಡಗಡೆ, ಅವನಿಗೂ ಗೋಡೆಗೂ ನಡುವೆ ಸರಿದು ನಿಂತು, ಏನೂ ಮಾತಾಡದೆ ಕೈ ಚಾಚಿದರು.

ಅವನು ಮುಂದೆ ನೋಡುತ್ತ ನಿಂತೇ ಇದ್ದ. ಗರಡಿಯಲ್ಲಿ ಇಪ್ಪತ್ತು ಮಂದಿಯಾದರೂ ಇದ್ದೆವು. ಅವರ ಕೈ ಹಾಗೇ ಇತ್ತು.

“ಲೇ ತಮ್ಮಾ, ತಗೋ,” ಎಂದರು ನಮ್ಮ ವಸ್ತಾದರು.

ಗಾಬರಿಯಾಗಿ ತಿರುಗಿ ಕೈ ಹಾಕಿದ. ಬೆರಳು ವೀಳ್ಯಕ್ಕೆ ತಾಗದೆ ಅವರ ಅಂಗಿಯ ತೋಳಿಗೆ ತಾಗಿದವು.

ಮುಧೋಳದ ವಸ್ತಾದರು ವೀಳ್ಯವನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, “ನಮ್ಮ ಹುಡುಗಗ ಮೊನ್ನಿಂದ ಮೊಣಕಾಲ ಹಿಡದೈತ್ರಿ. ಈ ಸಲ ಈ ಜೋಡಿ ಬ್ಯಾಡ. ತಪ್ಪ ತಿಳೀಬ್ಯಾಡ್ರಿ,” ಎಂದು ಕೈಮುಗಿದು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು.

ಓಣಿಯಲ್ಲಿ ಪೇಢೆ ಹಂಚಿದರು. ಮುಧೋಳದವರು ಅಂಜಿ ಓಡಿದರು ಎಂದು ಪಟಾಕಿಯನ್ನೂ ಹಚ್ಚಿದರು. ಗರಡಿಯ ಒಳಗೆ ನಾವು ಮೂವರೇ ಉಳಿದಾಗ ವಸ್ತಾದರು ನನ್ನನ್ನು ಕೇಳಿದರು:

“ಯಾವಾಗಿಂದ ಗೊತ್ತಿತ್ತು?”

“ಸೋಮವಾರದಿಂದ್ರಿ. ಹೇಳಬ್ಯಾಡ ಅಂದಿದ್ದ.”

“ಗೊಂಬಿ ಮಾರಿ ಮ್ಯಾಲ ಬರದಿದ್ರಲ್ಲ, ಬಾಯಿಲೆ ಹೇಳಾಕ ಏನಾಗಿತ್ರಿ?” ನನ್ನಿಂದ ಬೀಗದ ಕೈ ಇಸಿದುಕೊಳ್ಳುತ್ತ ಹೇಳಿದರು: “ನಿಮಗೇನ ಅನ್ನೂದು. ಆರು ತಿಂಗಳ ದಿನಾ ಎದುರಿಗೆ ನಿಂದರಿಸಿಕೊಂಡ ಆಡಿಸೇನಿ. ನನಗ ಕಾಣಲಿಲ್ಲ.”

ಪೈಲ್ವಾನ ಎದ್ದು ಹೋದ. ಎಂಟು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ. ಎಂಟೂ ದಿನ ನಾನು ಅವನ ಮನೆಯ ಓಣಿ ತಪ್ಪಿಸಿ ಸುತ್ತು ಹೊಡೆದು ಶಾಲೆಗೆ ಹೋದೆ. ಅವನು ಕೆರೆಯ ಕಡೆ ಹೋದನೆಂದು ಯಾರೋ ಅಂದರೆ ಸಾಕು, ಹಿಂದಿನಿಂದ ಹೋಗಿ ದೂರ ನಿಂತು ನೋಡಿ ಬರುತ್ತಿದ್ದೆ. ಒಂಬತ್ತನೆಯ ದಿನ ಅವನೇ ಮನೆಗೆ ಬಂದ, ಒಳಗೆ ಬರಲಿಲ್ಲ.

“ಸೋತ ಬಂದಿದ್ರ ಛಲೋ ಇತ್ರಿ ಮಾಸ್ತರ್ರ. ಮಂದಿ ಗೆದ್ದಿ ಅಂತ ಬೆನ್ನ ಚಪ್ಪರಸತಾರ. ಅದನ್ನ ಹೆಂಗ ತಡಕೊಳ್ಳೂದ್ರಿ?”

ಹೊಸ್ತಿಲಿನಿಂದ ಸರಿದು ಒಳಗೆ ಬಾ ಎಂದೆ. ಅವನು ನಿಂತಲ್ಲೇ ನಿಂತ.

“ನಾಳೆ ಮಿರಜಕ್ಕ ಹೊಂಟೇನಿ. ಅವ್ವಗ ಹೇಳಿಲ್ಲ. ಬರತೀರೇನು?”

ಮಿರಜದ ಕಣ್ಣಿನ ದವಾಖಾನೆಯಲ್ಲಿ ನಮ್ಮ ಪಾಳಿ ಬರುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಡಾಕ್ಟರು ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಬಲಗಣ್ಣಿಗೆ ಕರೀ ರಟ್ಟು ಹಿಡಿದು, ಎದುರಿಗೆ ಬೆರಳು ತೋರಿಸಿದರು.

“ಎಷ್ಟು?”

ಅವನು ತೊಡೆಯ ಮೇಲೆ ಎರಡೂ ಕೈ ಬಿಗಿದು ಕೂತಿದ್ದ.

“ಮಾಸ್ತರ್ರ,” ಎಂದ, ತಲೆ ತಿರುಗಿಸದೆ.

ಮೂರು ಬೆರಳು. ನಾನು ಅವನ ಬೆನ್ನ ಹಿಂದೆ ಕೈಗೆಟುಕುವಷ್ಟು ಹತ್ತಿರ ನಿಂತಿದ್ದೆ. ಬೆನ್ನಿಗೆ ಮೂರು ಸಲ ಬೆರಳು ಒತ್ತಿದರೆ ಸಾಕಿತ್ತು. ನನ್ನ ಕೈ ಅರ್ಧ ಎದ್ದೂ ಇತ್ತು.

“ನೀನ ಹೇಳೋ ತಮ್ಮಾ,” ಎಂದೆ.

ಹೊರಗೆ ಹೆಸರು ಕೂಗುವವಳು ಇನ್ನಿಬ್ಬರನ್ನು ಕರೆದಳು.

“ಕಾಣವಲ್ಲವ್ರಿ,” ಎಂದ ಡಾಕ್ಟರಿಗೆ. “ಆರು ತಿಂಗಳಾತ್ರಿ.”

ಡಾಕ್ಟರು ಕೈ ಇಳಿಸಿ, ಬರೆದುಕೊಳ್ಳತೊಡಗಿದರು.