ಸರಿ ಅಂದರೆ ಸಾರಿ ಅಲ್ಲ

ಗ್ಲಾಸ್ಗೋದಲ್ಲಿ ಮೊದಲ ಸಲ ನನ್ನನ್ನು ಸೊಂಟದಿಂದ ಗುದ್ದಿ ನೆಲಕ್ಕೆ ಕೆಡವಿದವಳು, ಕೈಹಿಡಿದು ಎಬ್ಬಿಸಿ, "ಬಹಳ ಚೆನ್ನಾಗಿ ಬಿದ್ದೆ" ಎಂದು ಬೆನ್ನು ತಟ್ಟಿದಳು. ನಮ್ಮೂರು ಮುಕ್ಕುಂದದಲ್ಲಿ ಹೀಗಾಗಿದ್ದರೆ ಎರಡು ಮನೆಗಳ ನಡುವೆ ಮಾತು ನಿಂತುಹೋಗುತ್ತಿತ್ತು.

ಆಟದ ಹೆಸರು ರೋಲರ್ ಡರ್ಬಿ. ಕಾಲಿಗೆ ನಾಲ್ಕು ಚಕ್ರದ ಬೂಟು, ತಲೆಗೆ ಹೆಲ್ಮೆಟ್, ಬಾಯಲ್ಲಿ ಹಲ್ಲು ಕಾಯುವ ರಬ್ಬರು. ಹೆಲ್ಮೆಟ್ಟಿನ ಮೇಲೆ ಚುಕ್ಕಿ ಇರುವವಳು ಎದುರಾಳಿಗಳನ್ನು ದಾಟಿ ಸುತ್ತು ಹಾಕಬೇಕು. ನಾವು ನಾಲ್ವರು ಮೈಗೆ ಮೈ ಹಚ್ಚಿ ಗೋಡೆಯಾಗಿ ಅವಳನ್ನು ತಡೆಯಬೇಕು. ನಮ್ಮ ತಂಡದಲ್ಲಿ ಹನ್ನೊಂದು ದೇಶದವರಿದ್ದೇವೆ. ಗಂಡೋ ಹೆಣ್ಣೋ ಎಂದು ಯಾರೂ ಕಾಗದ ಕೇಳುವುದಿಲ್ಲ. ಗೋಡೆಯಲ್ಲಿ ನನ್ನ ಪಕ್ಕ ನಿಲ್ಲುವ ಚಿಲಿ ದೇಶದ ಪಾವ್ಲಾಳನ್ನು ಅವಳ ಊರಿನವರು ಹುಟ್ಟಿದಾಗ ಇಟ್ಟ ಗಂಡು ಹೆಸರಿನಿಂದಲೇ ಇಂದಿಗೂ ಕರೆಯುತ್ತಾರಂತೆ. ಇಲ್ಲಿ ಅವಳು ಪಾವ್ಲಾ, ಅಷ್ಟೇ.

ಲಿಂಗಸುಗೂರಿನಲ್ಲಿ ನರ್ಸಾಗಿದ್ದವಳು ನಾನು; ಇಲ್ಲಿನ ವೃದ್ಧರ ಆರೈಕೆ ಮನೆಯೊಂದಕ್ಕೆ ಬಂದು ಮೂರು ವರ್ಷವಾಯಿತು. ಮನೆ ಹುಡುಕುವಾಗ ಮಾಲೀಕ 'ಕ್ಲೋಸ್' ಎಂದದ್ದು ಕೇಳಿ, ಮನೆ ಮುಚ್ಚಿದೆಯೆಂದು ತಿಳಿದು ವಾಪಸ್ ಹೊರಟಿದ್ದೆ. ಹಲವು ಮನೆಗಳಿಗೆ ಒಂದೇ ಆಗಿರುವ ಮೆಟ್ಟಿಲುದಾರಿಗೆ ಇಲ್ಲಿ ಕ್ಲೋಸ್ ಎನ್ನುತ್ತಾರೆ. ಆ ಮೆಟ್ಟಿಲಲ್ಲಿ ಎದುರಾದವರೆಲ್ಲ ಮೈ ತಾಕದಿದ್ದರೂ 'ಸಾರಿ' ಎನ್ನುತ್ತಾರೆ. ಅಂಗಡಿಯಲ್ಲಿ ನಾನೇ ಕಾಲು ತುಳಿದರೂ ಸಾರಿ ಎನ್ನುವವರು ಅವರೇ. ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಕಾಲು ತುಳಿದವರು ತಿರುಗಿ ಕೂಡ ನೋಡುವುದಿಲ್ಲ; ಅದೇ ಹಿತವಿತ್ತು ಎನಿಸಿದ ದಿನಗಳಿವೆ. ಇಲ್ಲಿ ಸಾವಿರ ಸಲ ಸಾರಿ ಕೇಳಿಸಿಕೊಂಡಿದ್ದೇನೆ. ಊಟಕ್ಕೆ ಬಾ ಎಂದು ಕರೆದವಳು ಪಾವ್ಲಾ ಒಬ್ಬಳೇ.

ಅದಕ್ಕೇ ಈ ತಂಡ ನನಗೆ ಅಷ್ಟು ಬೇಕಾಗಿತ್ತು. ಮುಂದಿನ ತಿಂಗಳು ಯುರೋಪಿನ ಇನ್ನೊಂದು ತುದಿಯಲ್ಲಿ ನಾನಾ ದೇಶಗಳ ತಂಡಗಳ ಪಂದ್ಯಾವಳಿ. ನಾವಿರುವುದು ಇಪ್ಪತ್ತು ಜನ, ಹೋಗುವವರು ಹದಿನೈದು. ಆ ಹದಿನೈದರೊಳಗೆ ಬರಲೇಬೇಕೆಂದು ಡ್ಯೂಟಿ ಮುಗಿಸಿ, ಎರಡು ಬಸ್ಸು ಬದಲಿಸಿ ತಾಲೀಮಿಗೆ ಓಡುತ್ತಿದ್ದೆ.

ನಮಗೆ ಆಟ ಕಲಿಸುವ ಮೊಯ್ರಾ ಇದೇ ಊರಿನವಳು. ಅವಳಿಗೆ ನನ್ನ ಮೇಲೆ ಒಂದೇ ಸಿಟ್ಟು.

"ಚುಕ್ಕಿಯವಳು ನುಗ್ಗಿ ಬರುತ್ತಿರುವಾಗ ಸಾರಿ ಸಾರಿ ಎಂದು ಯಾಕೆ ಕೂಗುತ್ತೀಯ? ಏನೋ ತಪ್ಪಾಯಿತೆಂದು ಪಾವ್ಲಾ ನಿನ್ನ ಕಡೆ ತಿರುಗುತ್ತಾಳೆ, ಗೋಡೆ ಒಡೆಯುತ್ತದೆ!"

ಒಂದು 'ಸಾರಿ'ಗೆ ಹತ್ತು ಬಸ್ಕಿ ಎಂದು ಶಿಕ್ಷೆ ಹಾಕಿದಳು. ನಾನು ಕೂಗುವುದು 'ಮೂವ್' ಎಂದೇ ನನ್ನ ಎಣಿಕೆ. ಆದರೆ ಎಲ್ಲರಿಗೂ ಕೇಳಿಸಿದ್ದು ಸುಳ್ಳಾಗುತ್ತದೆಯೇ? ಈ ಊರು ನನ್ನನ್ನೂ ಬರೀ ಕ್ಷಮೆ ಕೇಳುವವಳನ್ನಾಗಿ ಮಾಡಿಬಿಟ್ಟಿತಲ್ಲ ಎಂದು ನನ್ನ ಮೇಲೆ ನನಗೇ ರೇಗುತ್ತಿತ್ತು. ಮುಕ್ಕುಂದದಲ್ಲಿ ನನ್ನ ಬಾಯಿಗೆ ಹೆದರಿ ಜನ ದಾರಿ ಬಿಡುತ್ತಿದ್ದರು. ಇಲ್ಲಿ ಬಸ್ಕಿ ಹೊಡೆದು ಹೊಡೆದು ಮೊಣಕಾಲು ಬಾತವು.

ಆಯ್ಕೆಯ ಪಂದ್ಯದಲ್ಲೂ ಅದೇ ಆಯಿತು. ಸುತ್ತುದಾರಿಯ ಒಳಗೆರೆಯ ಕಡೆ ನಮ್ಮ ಗೋಡೆ ಸಂದು ಬಿಟ್ಟದ್ದು ಮೊದಲು ಕಂಡದ್ದು ನನಗೇ. ಕೂಗಿದೆ. ಪಾವ್ಲಾ ಸಂದು ಮುಚ್ಚುವುದು ಬಿಟ್ಟು ನನ್ನತ್ತ ತಿರುಗಿದಳು. ಚುಕ್ಕಿಯವಳು ದಾಟಿಹೋದಳು.

ಎರಡು ದಿನ ಬಿಟ್ಟು ಆ ಪಂದ್ಯದ ವಿಡಿಯೊವನ್ನು ಮುಕ್ಕುಂದಕ್ಕೆ, ಅವ್ವನಿಗೆ ಕಳಿಸಿದೆ. ಕೂಡಲೇ ಫೋನು ಬಂತು.

"ಏನಲೇ, ಆ ಉದ್ದನ್ನ ಹುಡುಗಿಗೆ ಸರಿ ಸರಿ ಅಂತ ಒದರಾಕತ್ತಿ? ಆಕಿಗೆ ಕನ್ನಡ ಬರ್ತದೇನು?"

"ಏನಂದಿ ಬೇ?"

"ಆ ಕಡಿ ಸರಿ ಅನ್ನಾಕತ್ತೀಯಲ್ಲ, ನಾ ಎಮ್ಮಿಗೆ ಒದರಿದಂಗ! ಬಾಯಾಗ ಏನ್ ಇಟ್ಕೊಂಡಿ? ಅರ್ಧ ತಿಳಿಯಂಗಿಲ್ಲ."

ವಿಡಿಯೊ ಮತ್ತೆ ಹಾಕಿ ಕೇಳಿದೆ. ಸರಿ. ಜರುಗು ಎನ್ನುವ ನಮ್ಮ ಸರಿ! ಅವಸರಕ್ಕೆ ಬಾಯಿಗೆ ಬಂದದ್ದು ಮನೆಯ ಮಾತು. ಹಲ್ಲಿನ ರಬ್ಬರಿನಲ್ಲಿ ಸಿಕ್ಕಿ ಅದು ಸಾರಿಯಾಗಿತ್ತು. ನಾನು ಯಾರ ಕ್ಷಮೆಯನ್ನೂ ಕೇಳಿರಲಿಲ್ಲ. ಹೊಡೆದ ಬಸ್ಕಿಗಳೆಲ್ಲ ನೆನಪಾಗಿ ನಗುವೂ ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಅಂದು ಸಂಜೆಯೇ ಮೊಯ್ರಾಗೆ ಎಲ್ಲ ಹೇಳಿದೆ. ಅವಳು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಮುಖ ಸಪ್ಪಗಾಯಿತು.

"ಹದಿನೈದು ಹೆಸರಿನ ಪಟ್ಟಿ ನಿನ್ನೆಯೇ ಕಳಿಸಿಬಿಟ್ಟೆ. ನೀನು ಹದಿನಾರನೆಯವಳು. ಸಾರಿ."

ಮೂರು ವರ್ಷದಲ್ಲಿ ನಾನು ಕೇಳಿದ ಮೊದಲ ನಿಜವಾದ ಸಾರಿ ಅದು. ನನಗೆ ಅದು ಬೇಕಿರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಮಾತು ಚಿಕ್ಕದಿದೆ, ಎದುರಾಳಿಗಳಿಗೆ ತಿಳಿಯುವುದಿಲ್ಲ, ಇನ್ನು ಮೇಲೆ ಎಲ್ಲರೂ ಹಾಗೇ ಕೂಗಬೇಕು ಎಂದಳು ಮೊಯ್ರಾ. ಹೇಳಿಕೊಡುವ ಕೆಲಸ ನನ್ನ ತಲೆಗೇ ಬಂತು. ಹದಿನೈದು ಜನರನ್ನು ಸಾಲಾಗಿ ನಿಲ್ಲಿಸಿ ಸರಿ ಕಲಿಸಿದೆ. ಅವ್ವನಿಗೆ ಇದನ್ನು ಹೇಳಿದರೆ ಬೈದಳು.

"ನಿನ್ನ ಮಾತು ತಗೊಂಡು ಅವರು ಹೋಗ್ತಾರ, ನೀ ಮನ್ಯಾಗ ಕುಂದ್ರತಿ? ಸುಮ್ನ ಊರಿಗೆ ಬಾ."

"ತಾಲೀಮು ಐತಿ ಬೇ, ಈಗ ಬಿಟ್ಟು ಬರಾಕ ಆಗಂಗಿಲ್ಲ," ಎಂದೆ. ನನ್ನ ಉತ್ತರ ನನಗೇ ವಿಚಿತ್ರವೆನಿಸಿತು.

ನಿನ್ನೆ ಆಟದ ಅಂಗಳದ ಹೊರಗೆ, ಬೆಂಚಿನ ಮೇಲೆ ಕುಳಿತು ತಾಲೀಮು ನೋಡುತ್ತಿದ್ದೆ. ಚುಕ್ಕಿಯವಳು ನುಗ್ಗಿದಳು. "ಸರೀ!" ಎಂದು ಪಾವ್ಲಾ ಕೂಗಿದಳು, ಥೇಟ್ ನಮ್ಮವ್ವ ಎಮ್ಮೆಗೆ ಒದರಿದ ಹಾಗೆ. ಗೋಡೆ ಇಡಿಯಾಗಿ ಒಳಕ್ಕೆ ಸರಿಯಿತು. ಬೆಂಚಿನ ಮೇಲೆ ನಾನೂ ಸರಿದೆ. ಪಕ್ಕದಲ್ಲಿ ಕುಳಿತಿದ್ದ ಮುದುಕಿಗೆ ನನ್ನ ಮೊಣಕೈ ತಾಗಿತು. ಆಕೆ "ಸಾರಿ" ಎಂದು ಇನ್ನಷ್ಟು ಜಾಗ ಬಿಟ್ಟಳು.