ಎರಡನೇ ಬಾಸ್ ಬಾಕ್ಸ್

ಬಟವಾಡಿಯಲ್ಲಿ ಅಂಗಡಿಯಿಟ್ಟುಕೊಂಡು ಒಬ್ಬರು ಕಾರುಗಳಿಗೆ ಮ್ಯೂಸಿಕ್ ಸಿಸ್ಟಮ್ ಕೂರಿಸುತ್ತಿದ್ದರು. ಕಳೆದ ವರ್ಷ ನಾನು ಐದು ಸಲ ಅವರ ಅಂಗಡಿಗೆ ಹೋದೆ. ಐದೂ ಸಲ ಯಾವುದೋ ಕಾರಿನ ಡಿಕ್ಕಿಯೊಳಗೆ ಅರ್ಧ ತೂರಿಕೊಂಡೇ ನನ್ನನ್ನು ಮಾತಾಡಿಸಿದರು. ಸದ್ದು ಹೇಗಿದೆ ಎಂದು ಯಾರು ಕೇಳಿದರೂ ಒಂದೇ ಉತ್ತರ: "ಕಿವಿ ಬುಡಿ, ಕೈ ಇಟ್ಟು ನೋಡಿ."

ಒಂದು ಮಂಗಳವಾರ ಕುಣಿಗಲ್‌ನ ಟ್ಯಾಕ್ಸಿ ಡ್ರೈವರ್ ಒಬ್ಬ ಸಿಟ್ಟಿನಿಂದ ಬಂದ. ಹಿಂದಿನ ವಾರ ಇವರಿಂದಲೇ ಕಾರಿಗೆ ಎರಡನೇ ಬಾಸ್ ಬಾಕ್ಸ್, ಅಂದರೆ ದಪ್ಪ ಸದ್ದಿನ ಸ್ಪೀಕರ್ ಪೆಟ್ಟಿಗೆ, ಹಾಕಿಸಿಕೊಂಡಿದ್ದ.

"ಏನಣ್ಣ, ಒಂದಿದ್ದಾಗ ಎದೆ ನಡುಗ್ತಿತ್ತು. ಎರಡಾದ್ಮೇಲೆ ಸೊಳ್ಳೆ ಗುಂಯ್ ಅಂದಂಗೈತೆ! ನಮ್ ಸ್ಟ್ಯಾಂಡಲ್ಲಿ ಎಲ್ರಿಗೂ ಹೇಳ್ತೀನಿ, ನೋಡ್ತಿರು."

ಅಂಗಡಿ ನಡೆಯುತ್ತಿದ್ದುದೇ ಅಂಥ ಡ್ರೈವರ್‌ಗಳ ಮಾತಿನ ಮೇಲೆ. ಅಂಗಡಿಯವರು ಡ್ರೈವರನ ಅಂಗೈಗಳನ್ನು ಎರಡು ಬಾಕ್ಸ್‌ಗಳ ಸ್ಪೀಕರ್ ಮೇಲೆ ಇಡಿಸಿದರು. ಆಂಪ್ಲಿಫೈಯರ್‌ನಿಂದ ಎರಡೂ ಬಾಕ್ಸ್‌ಗೆ ಹೋಗುವ ವೈರ್ ಬಿಚ್ಚಿ, ಅದರ ತುದಿಗೆ ಗಡಿಯಾರದ ಸೆಲ್ ಮುಟ್ಟಿಸಿದರು.

"ಒಂದು ಉಬ್ತು, ಇನ್ನೊಂದು ಒಳಕ್ಕೋಯ್ತು," ಎಂದ ಡ್ರೈವರ್.

"ಹೂಂ. ಒಂದರ ಸದ್ದನ್ನ ಇನ್ನೊಂದು ನುಂಗ್ತೈತೆ. ಬಾಕ್ಸು ಚೆನ್ನಾಗೈತೆ ಕಣಪ್ಪ. ಪ್ಲಸ್ಸು ಮೈನಸ್ಸು ಉಲ್ಟಾ ಕೊಟ್ಟವ್ನು ನಾನೇ."

ಒಂದು ಬಾಕ್ಸಿನ ವೈರ್ ಅದಲುಬದಲು ಮಾಡಿ ಹಾಡು ಹಾಕಿದಾಗ ಕಾರಿನ ಹಿಂದಿನ ಗಾಜು ಗಡಗಡ ಎಂದಿತು. ಡ್ರೈವರ್ ನಕ್ಕುಬಿಟ್ಟ.

"ಬಾಕ್ಸ್ ಕೆಟ್ಟೈತೆ, ಬೇರೇದು ತಗೋ ಅಂದಿದ್ರೂ ನಂಬಿ ತಗೊಂತಿದ್ದೆ ಕಣಣ್ಣ."

"ಗೊತ್ತು," ಎಂದರು ಅವರು, "ಅದಕ್ಕೇ ಹೇಳ್ಬುಟ್ಟೆ."