ಸಾಬಮ್ಮ ಎತ್ತಿದ ಕೈ

ನಮ್ಮ ಕಂಪನಿಯಲ್ಲಿ ಪ್ರತಿಜ್ಞೆಗೇನೂ ಬರವಿಲ್ಲ. ಪ್ರತಿ ಪರಿಸರ ದಿನಕ್ಕೆ ಕಮಲಾಪುರದ ಸೋಲಾರ್ ಪ್ಲಾಂಟಿನ ಅಂಗಳದಲ್ಲಿ ಸಾಲಾಗಿ ನಿಂತು, ಮ್ಯಾನೇಜರ್ ವಿವೇಕಾನಂದ ಸಾಹೇಬರು ಓದಿದ್ದನ್ನು ಹೇಳಿ, ಫೋಟೊ ತೆಗೆಸಿಕೊಂಡು, ಉಪ್ಪಿಟ್ಟು ತಿನ್ನುತ್ತೇವೆ. ಹೋದ ವರ್ಷದ್ದು ಇದು: ಕರೆಂಟ್ ಹೋದರೆ ಎಸಿಗಾಗಿ ಡೀಸೆಲ್ ಜನರೇಟರ್ ಹಚ್ಚುವುದಿಲ್ಲ, ಆಫೀಸಿನ ಮಾಳಿಗೆಯ ಸೋಲಾರಿನಿಂದ ಫ್ಯಾನು ತಿರುಗಿದರೆ ಸಾಕು. ಸಾಹೇಬರು ಕೆಟ್ಟವರಲ್ಲ, ಮನಸಾರೆ ಓದಿದರು. ಅವರ ಡ್ರೈವರ್ ಆದ ನಾನು ಹಿಂದಿನ ಸಾಲಿನಲ್ಲಿ ಕೈ ಎತ್ತಿ ಆಕಳಿಸುತ್ತಿದ್ದೆ.

ಚಹಾ ತಂದ ಸಾಬಮ್ಮ ತಟ್ಟೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಯಾರೂ ಕರೆಯದಿದ್ದರೂ ತಾನೂ ಕೈ ಎತ್ತಿದಳು. ನಮಗದು ಪ್ರತಿಜ್ಞೆ, ಅವಳಿಗೆ ಆಣೆ.

ಸಾಬಮ್ಮ ಕಲಬುರಗಿಯ ಶಹಾಬಜಾರದವಳು. ಹನ್ನೊಂದು ವರ್ಷದಿಂದ ನಮ್ಮಲ್ಲಿ ಚಹಾ, ಕಸ, ಕೀಲಿಗಳ ಗೊಂಚಲು ಎಲ್ಲಾ ಅವಳದೇ. ಆದರೂ ಗುತ್ತಿಗೆ ಕೆಲಸ. ಈ ಏಪ್ರಿಲ್‌ನಲ್ಲಿ ಅವಳನ್ನು ಕಾಯಂ ಮಾಡುವ ಕಾಗದ ಸಾಹೇಬರ ಸಹಿಗೆ ಕಾದಿತ್ತು.

ಮಳೆ, ಚಳಿ ಮುಗಿಯುವ ತನಕ ಆ ಆಣೆ ಯಾರನ್ನೂ ಕಾಡಲಿಲ್ಲ. ಏಪ್ರಿಲ್ ಬಿಸಿಲು, ನಮ್ಮದು ಗೊತ್ತಲ್ಲ, ನೆತ್ತಿ ಸುಡುತ್ತದೆ. ಹೆಡ್ ಆಫೀಸಿನ ದೊಡ್ಡ ಸಾಹೇಬರು ಬಂದು ಕೂತ ಹೊತ್ತಿಗೇ ಕರೆಂಟ್ ಹೋಯಿತು.

ನಮ್ಮ ಸಾಹೇಬರು ಹೊರಗೆ ಓಡಿಬಂದರು. "ಸಾಬಮ್ಮ, ಜನರೇಟರ್ ರೂಮಿನ ಕೀಲಿ ಕೊಡ್ರಿ."

"ಕೊಡಂಗಿಲ್ರೀ ಸಾಹೇಬ್ರ. ಕೈ ಎತ್ತೀವಿ."

"ಅದು ಬ್ಯಾರೆ ಬಿಡ್ರಿ. ದೊಡ್ಡವ್ರು ಬಂದಾರ."

"ದೊಡ್ಡವ್ರು ಬಂದ್ರ ಆಣಿ ಸಣ್ಣದಾಗ್ತದೇನ್ರೀ?"

ಸಾಹೇಬರು ದನಿ ತಗ್ಗಿಸಿದರು. "ನಿಮ್ಮ ಕಾಗದ ನನ್ನ ಟೇಬಲ್ ಮ್ಯಾಲ ಅದ. ನೆನಪದ ಇಲ್ಲ?"

ಸಾಬಮ್ಮನ ಮುಖ ಬಾಡಿತು. ಆದರೆ ಸೊಂಟದ ಗೊಂಚಲು ಬಿಡಲಿಲ್ಲ. "ಹರದ್ ಹಾಕ್ರಿ. ಆ ಕಸ ಹೊಡ್ಯಾಕ ನಾನೇ ಬರ್ತೀನಿ."

ಅಬ್ಬಾ! ಬಾಗಿಲಲ್ಲಿ ನಿಂತು ಎಲ್ಲಾ ಕೇಳಿದ ನನಗೆ ನಾಚಿಕೆಯಾಯಿತು. ಹೊರಗೆ ನನ್ನ ಖಾಲಿ ಕಾರು ಎಸಿ ಹಾಕಿಕೊಂಡು ಗುರ್ ಎನ್ನುತ್ತಿತ್ತು. ಹೋಗಿ ಬಂದ್ ಮಾಡಿದೆ.

ಮೀಟಿಂಗ್ ಫ್ಯಾನಿನ ಕೆಳಗೇ ನಡೆಯಿತು. ದೊಡ್ಡ ಸಾಹೇಬರು ಕೋಟು ಕಳಚಿ, ಸಾಬಮ್ಮ ಕೊಟ್ಟ ಮಜ್ಜಿಗೆ ಎರಡು ಲೋಟ ಕುಡಿದರು. ಯಾರೂ ಸಾಯಲಿಲ್ಲ ಬಿಡಿ.

ಸಂಜೆ ನಮ್ಮ ಸಾಹೇಬರನ್ನು ಜೇವರ್ಗಿ ಕಾಲೋನಿಯ ಮನೆಗೆ ಬಿಟ್ಟೆ. ಇಳಿಯುವಾಗ ಅಂದರು: "ಗುರುಲಿಂಗಪ್ಪ, ಇವತ್ತ ನಾ ಭಾಳ ಸಣ್ಣಾವ ಆದೆ." ಮರುದಿನ ಕಾಗದಕ್ಕೆ ಸಹಿ ಬಿತ್ತು. ನಮ್ಮ ಸಾಬಮ್ಮ ಅಂದರೆ ಈಗಲೂ ನನ್ನ ಎದೆ ಉಬ್ಬುತ್ತದೆ.

ಈ ಜೂನ್‌ನಲ್ಲಿ ಮತ್ತೆ ಅದೇ ಅಂಗಳ, ಅದೇ ಸಾಲು, ಅದೇ ಪ್ರತಿಜ್ಞೆ. ಸಾಹೇಬರು ಪ್ರತಿಜ್ಞೆಯ ಹಾಳೆಯನ್ನು ಎಲ್ಲರೆದುರು ಸಾಬಮ್ಮನಿಗೆ ಕೊಟ್ಟರು. "ಈ ಸಲ ನೀವ್ ಓದ್ರಿ."

ಅವಳು ಹಾಳೆಯನ್ನು ನೀಟಾಗಿ ಮಡಚಿ ವಾಪಸ್ ಕೊಟ್ಟು, ಕೈ ಎತ್ತಿದಳು.

"ನನಗ ಓದಾಕ ಬರಂಗಿಲ್ರೀ ಸಾಹೇಬ್ರ," ಅಂದಳು. "ಆಣಿ ನೆನಪದ."